ಕಡ್ಡಿಗೆ ಕಟ್ಟಿದ ಕೂಸು

ಹೋದ ತಿಂಗಳು ಪಿರಿಯಾಪಟ್ಟಣದಲ್ಲಿ ಭಾವಮೈದ ಕಟ್ಟಿಸುತ್ತಿರುವ ಹೊಸ ಮನೆ ನೋಡಲು ಹೋಗಿದ್ದೆವು. ನಡುಮನೆಯಲ್ಲಿ ಫಾಲ್ಸ್ ಸೀಲಿಂಗ್ ಕೆಲಸ ನಡೆದಿತ್ತು. ಕೆಲಸದವನೊಬ್ಬ ಬಕೆಟ್ಟಿನ ಬಿಳಿ ಪುಡಿಗೆ ನೀರು ಹೊಯ್ದು ಕೈಯಲ್ಲೇ ಕಲಸುತ್ತಿದ್ದ. ಹಸಿ ಸುಣ್ಣದಂಥ, ಒದ್ದೆ ಗೋಡೆಯಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮೂಗು ಮುಚ್ಚಿಕೊಂಡೆ. ಭಾವಮೈದ ಅಡುಗೆಮನೆಗೆ ಹಾಕಿಸುವ ಕಲ್ಲಿನ ಬಣ್ಣದ ಬಗ್ಗೆ ಹೇಳುತ್ತಲೇ ಇದ್ದ. ನಾನು ಹೂಂ ಹೂಂ ಅನ್ನುತ್ತಾ ಬಾಗಿಲ ಕಡೆ ಸರಿದೆ.

ಮಗಳು ಸಿಂಚನ, ಈಗ ಎಂಟು ವರ್ಷ, ಇನ್ನೂ ಕಂಬಿ ಕೂರಿಸದ ಮೆಟ್ಟಿಲನ್ನು ಎರಡೆರಡೇ ಹಾರಿಕೊಂಡು ತಾರಸಿಗೆ ಓಡುತ್ತಿದ್ದಳು.

"ಮೆಲ್ಲಗೆ! ಗೋಡೆ ಹಿಡ್ಕೋ, ಗೋಡೆ!" ಎಂದು ಕೂಗಿದೆ.

ಅವಳು ಅರ್ಧಕ್ಕೆ ನಿಂತು ತಿರುಗಿ ನೋಡಿದಳು. "ಅಪ್ಪಾ, ನೀನ್ಯಾಕೆ ಮೂಗು ಮುಚ್ಕೊಂಡಿದ್ದೀಯ?"

"ವಾಸನೆ."

"ಏನ್ ವಾಸ್ನೆ?"

"ನಿಂದೇ," ಅಂದೆ.

ಅವಳಿಗೆ ಅದು ಬೈಗುಳವಾಗಿ ಕೇಳಿಸಿತು. ಮುಖ ಊದಿಸಿಕೊಂಡು ಮೇಲೆ ಹೋದಳು. ಆ ವರ್ಷದ ಒಂದು ಚೂರೂ ಅವಳಿಗೆ ನೆನಪಿಲ್ಲ. ಆಗ ಅವಳಿಗೆ ಎರಡೂ ಮುಕ್ಕಾಲು ವರ್ಷ. ಅವಳ ಪಾಲಿನದನ್ನೂ ಸೇರಿಸಿ ನಾನೇ ಹೊತ್ತುಕೊಂಡು ತಿರುಗುತ್ತಿದ್ದೇನೆ. ಅದರಲ್ಲೇನೂ ಹೊಸದಿಲ್ಲ, ಇನ್ನೊಬ್ಬರ ಚಿಂತೆಯನ್ನು ಕೇಳದೆಯೇ ಹೊತ್ತುಕೊಳ್ಳುವುದು ನನ್ನ ಹುಟ್ಟುಗುಣ.

ಗಾವಡಗೆರೆ ಹತ್ತಿರದ ನಮ್ಮೂರಿನಲ್ಲಿ ಮಾದೇಶ ಅನ್ನುವವರು ನಾಲ್ವರಿದ್ದೇವೆ. ನನ್ನನ್ನು ಗುರುತಿಸಲು 'ಯೋಚ್ನೆ ಮಾದೇಶ' ಅನ್ನುತ್ತಾರೆ. ಮದುವೆಗೆ ಹೋದರೆ ಮೊದಲು ಚಪ್ಪರದ ಗೂಟ ಅಲ್ಲಾಡಿಸಿ ನೋಡುವವನು ನಾನು. ಬಸ್ಸಿನಲ್ಲಿ ಡ್ರೈವರ್ ಆಕಳಿಸಿದರೆ ಎದ್ದು ಹೋಗಿ ಮಾತಾಡಿಸುತ್ತೇನೆ. ಮದುವೆಯಾದದ್ದೇ ಮೂವತ್ತೆಂಟಕ್ಕೆ, ಮಗು ಹುಟ್ಟಿದ್ದು ನಲವತ್ತಕ್ಕೆ. ಆ ಮಗುವಿಗೆ ಕೆಮ್ಮು ಬಂದರೆ ಹುಣಸೂರು, ಕೆಮ್ಮು ಬರದೇ ಇದ್ದರೂ ಒಮ್ಮೆ ಹುಣಸೂರು. ಅಲ್ಲಿನ ಮಕ್ಕಳ ಡಾಕ್ಟರು ನನ್ನ ಮುಖ ಕಂಡ ಕೂಡಲೇ ಸಿಂಚನಳನ್ನು ಬಿಟ್ಟು ನನ್ನ ನಾಡಿ ಹಿಡಿದು ನೋಡಿದ್ದುಂಟು.

ಅಂಥವನು ಒಂದು ವಿಷಯಕ್ಕೆ ಮಾತ್ರ ನಕ್ಕುಬಿಟ್ಟಿದ್ದೆ. ಮಗು ನಡೆಯಲು ಕಲಿತದ್ದು ತಡ. ಕಲಿತ ಮೇಲೂ ಬಾತುಕೋಳಿಯಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಾ ನಡೆಯುತ್ತಿತ್ತು. ಅವ್ವ ಅದನ್ನು ನೋಡಿ, "ಥೇಟ್ ನಮ್ಮತ್ತೆ ನಡಿಗೆ ಕಣ್ರೋ! ಗೌಡ್ರ ಮನೆ ಗತ್ತು!" ಎಂದು ಬೀಗುತ್ತಿದ್ದಳು. ನಾನು ಆ ನಡಿಗೆಯನ್ನು ಮೊಬೈಲಿನಲ್ಲಿ ಹಿಡಿದು, ಹಿಂದೆ ಒಂದು ತಮಟೆ ಸದ್ದು ಸೇರಿಸಿ, ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಐವತ್ತು ಜನ ನಗುವ ಬೊಂಬೆ ಕಳಿಸಿದರು. ಅಂಗನವಾಡಿ ಮೇಡಂ ಒಬ್ಬರೇ ನಗಲಿಲ್ಲ. ಮಾರನೆಯ ದಿನ ಮನೆಗೆ ಬಂದು ಮಗುವನ್ನು ಮಲಗಿಸಿ, ಎರಡೂ ಮಂಡಿ ಮಡಿಸಿ ಜೋಡಿಸಿ ನೋಡಿ, "ಅಣ್ಣಾ, ಒಂದು ಮಂಡಿ ಕೆಳಗದೆ ನೋಡಿ. ಮೈಸೂರಲ್ಲಿ ತೋರಿಸಿಬಿಡಿ" ಅಂದರು.

ಮೈಸೂರಿನ ಮೂಳೆ ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಎಡ ತೊಡೆಯ ಮೂಳೆಯ ತಲೆ ಸೊಂಟದ ಬಟ್ಟಲಿನಲ್ಲಿ ಕೂತೇ ಇಲ್ಲ. ಹುಟ್ಟಿದಾಗಿನಿಂದಲೂ ಹೊರಗೇ ಇದೆ. ಆಪರೇಷನ್ ಮಾಡಿ ಕೂರಿಸಬೇಕು. ಕೂರಿಸದಿದ್ದರೆ ಬೆಳೆದಂತೆಲ್ಲ ಕುಂಟು ಹೆಚ್ಚುತ್ತದೆ, ನೋವು ಹತ್ತುತ್ತದೆ. "ಮೊದಲೇ ಗೊತ್ತಾಗಿದ್ದರೆ ಬರೀ ಬೆಲ್ಟಲ್ಲೇ ಮುಗೀತಿತ್ತು," ಎಂದು ಅವರು ಮಾತಿನ ನಡುವೆ ಸುಮ್ಮನೆ ಹೇಳಿದರು. ನನಗೆ ಆ ಒಂದು ಮಾತು ಸಾಕಾಯಿತು. ಆಚೆ ಬಂದು ಬೆಂಚಿನ ಮೇಲೆ ಕೂತು ಸ್ಟೇಟಸ್ ಅಳಿಸಲು ಹೋದೆ. ಇಪ್ಪತ್ತನಾಲ್ಕು ಗಂಟೆ ಕಳೆದು ಅದು ಯಾವಾಗಲೋ ತಾನಾಗಿಯೇ ಅಳಿಸಿಹೋಗಿತ್ತು.

ಆಪರೇಷನ್ನಿಗೆ ದಿನ ಸಿಕ್ಕಿದ್ದು ಶ್ರಾವಣದ ಮೊದಲ ವಾರ. ನಮ್ಮ ಕಡೆಯವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹೊಗೆಸೊಪ್ಪು ಮುರಿತಕ್ಕೆ ಬರುವ ಹೊತ್ತು. ಹೊಲದಲ್ಲಿ ಮುರಿದ ಎಲೆಯನ್ನು ಅವತ್ತೇ ಕಡ್ಡಿಗೆ ಕಟ್ಟಿ, ಕಿಟಕಿಯಿಲ್ಲದ ಎತ್ತರದ ಬ್ಯಾರನ್ ಮನೆಯೊಳಗೆ ಸಾಲು ಸಾಲಾಗಿ ಏರಿಸಿ, ಬಾಗಿಲು ಮುಚ್ಚಿ, ಹೊರಗಿನ ಒಲೆಬಾಯಿಂದ ಐದಾರು ದಿನ ಹದವಾಗಿ ಶಾಖ ಕೊಡಬೇಕು. ಮೊದಲು ಎಲೆ ಹಳದಿ ತಿರುಗಬೇಕು, ಆಮೇಲೆ ಒಣಗಬೇಕು, ಕೊನೆಗೆ ಅದರ ನರ ಒಣಗಬೇಕು. ನಡುವೆ ಬಾಗಿಲು ತೆಗೆದರೆ, ಬೆಂಕಿ ಹೆಚ್ಚುಕಮ್ಮಿಯಾದರೆ ಇಡೀ ಬ್ಯಾರನ್ ಹಾಳು. ಆ ಮೂರು ತಿಂಗಳು ನಮ್ಮ ಕಡೆ ಸಾಯುವವರೂ ದೀಪಾವಳಿ ಕಳೀಲಿ ಎಂದು ಕಾಯುತ್ತಾರೆ.

"ಬೆಂಕಿ ನಾನ್ ನೋಡ್ಕತೀನಿ, ನೀನ್ ಮೊಗೀನ ನೋಡ್ಕ," ಅಂದಳು ಅವ್ವ. ಅಪ್ಪ ತೀರಿಕೊಂಡ ಮೇಲೆ ಒಲೆಬಾಯಿ ನನ್ನದಾಗಿತ್ತು. ಆ ವರ್ಷ ಅರವತ್ತಾರರ ಮುದುಕಿ ಸೆರಗು ಬಿಗಿದು ಅಲ್ಲಿ ಕೂತಳು. ಕೆ.ಆರ್.ನಗರಕ್ಕೆ ಕೊಟ್ಟಿದ್ದ ಅಕ್ಕ ಜಯಮ್ಮ ಎರಡು ಬ್ಯಾಗು ಹಿಡಿದು ಬಂದಳು. "ಮೊಗ ನಡಿಯೋಗಂಟ ನಾನ್ ಓಗಾಕಿಲ್ಲ. ನಿಮ್ ಭಾವಂಗೆ ಅನ್ನ ಮಾಡ್ಕಳದ ತೋರ್ಸ್ಕೊಟ್ ಬಂದಿವ್ನಿ" ಅಂದಳು.

ಆಸ್ಪತ್ರೆಯಲ್ಲಿ ಸಹಿ ಹಾಕುವ ಕಾಗದವನ್ನು ನಾನು ಪೂರ್ತಿ ಓದಿದೆ. ಅಂಥ ಕಾಗದಗಳನ್ನು ಪೂರ್ತಿ ಓದಬಾರದು. ಓದಿ, ಹದಿನೇಳು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಡಾಕ್ಟರ ಮುಂದೆ ಕೂತೆ. ಹನ್ನೊಂದನೆಯದಕ್ಕೆ ಅವರು ಚೀಟಿಯನ್ನೇ ಇಸಿದುಕೊಂಡರು. "ಇದೆಲ್ಲ ಆದರೆ ಏನು ಮಾಡಬೇಕು ಅಂತ ನನಗೆ ಗೊತ್ತು. ಆಗದೇ ಇದ್ದರೆ ಏನು ಮಾಡ್ತೀರಿ ಅಂತ ನೀವು ಯೋಚನೆ ಮಾಡ್ಕೊಂಡು ಬನ್ನಿ."

ಅಂಥದ್ದನ್ನು ನಾನು ಯಾವತ್ತೂ ಯೋಚಿಸಿದವನಲ್ಲ.

ಮಗುವನ್ನು ಒಳಗೆ ಕರೆದೊಯ್ದ ಮೇಲೆ ಹೆಂಡತಿ ಸುಧಾ ಕ್ಯಾಂಟೀನಿಂದ ಎರಡು ಬನ್ನು ತಂದು, ಗೋಡೆಗೊರಗಿ ಒಂದನ್ನು ತಿನ್ನತೊಡಗಿದಳು. ಒಳಗೆ ಕೂಸಿನ ಮೂಳೆ ಕೊಯ್ಯುತ್ತಿದ್ದಾರೆ, ಇವಳಿಗೆ ಬನ್ನು ಇಳಿಯುತ್ತದಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಅವಳು ನನ್ನ ಕಡೆ ನೋಡದೆಯೇ ಇನ್ನೊಂದನ್ನು ಚಾಚಿದಳು. "ಆಚೆ ಬಂದ್ಮೇಲೆ ಎತ್ಕೊಳ್ಳೋಕೆ ಶಕ್ತಿ ಬೇಕಲ್ರೀ. ತಿನ್ನಿ." ಆಗಲೇ ನೋಡಿದ್ದು, ಅವಳು ಬನ್ನನ್ನು ಅಗಿಯುತ್ತಿದ್ದಳೇ ಹೊರತು ನುಂಗುತ್ತಿರಲಿಲ್ಲ.

ನಾಲ್ಕು ತಾಸು ಕಳೆದು ಮಗು ಆಚೆ ಬಂತು. ಎದೆಯ ಕೆಳಗಿನಿಂದ ಎಡಗಾಲಿನ ಹಿಮ್ಮಡಿವರೆಗೆ, ಬಲಗಾಲಿನ ಮಂಡಿವರೆಗೆ, ಗೋಡೆ ಮೆತ್ತಿದ ಹಾಗೆ ಬಿಳಿ ಸಿಮೆಂಟು ಪಟ್ಟಿ. ಎರಡೂ ಕಾಲು ಅಗಲಿಸಿ, ಅವು ಕೂಡದಂತೆ ನಡುವೆ ಒಂದು ಮರದ ಕಡ್ಡಿಯನ್ನು ಅಡ್ಡ ಕೂರಿಸಿ, ಅದಕ್ಕೂ ಪಟ್ಟಿ ಸುತ್ತಿದ್ದರು. ಅದೇ ಹಸಿ ಸುಣ್ಣದ ವಾಸನೆ. ನೋಡಲು ಬಂದಿದ್ದ ಅವ್ವ ಬಾಗಿಲಲ್ಲೇ ನಿಂತುಬಿಟ್ಟಳು.

"ಅಯ್ಯೋ ಮಗ, ಸೊಪ್ ಕಟ್ದಂಗೆ ಮೊಗೀನ ಕಡ್ಡಿಗ್ ಕಟ್ಬುಟ್ಟವ್ರಲ್ಲೋ!"

"ಎಂಟು ವಾರ ಅಂತೆ ಅವ್ವ."

"ಸೊಪ್ಗೇ ಆರ್ ದಿನ ಕಣೋ."

ಮನೆಗೆ ತಂದದ್ದು ಅಕ್ಕ ಬಾಡಿಗೆಗೆ ಮಾಡಿಕೊಂಡು ಬಂದಿದ್ದ ವ್ಯಾನಿನಲ್ಲಿ. ಬಿಳಿಕೆರೆ ದಾಟುವಷ್ಟರಲ್ಲಿ ರಸ್ತೆಯ ಪ್ರತಿ ಉಬ್ಬಿಗೂ ನಾನು ಡ್ರೈವರನ ಹೆಗಲು ಹಿಡಿದದ್ದಕ್ಕೆ ಅವನು ಗಾಡಿ ನಿಲ್ಲಿಸಿ, "ಅಣ್ಣಾ, ನೀವೇ ಓಡ್ಸ್ತೀರಾ?" ಎಂದು ಕೇಳಿದ. ಮನೆ ಮುಟ್ಟಿದ ಮೇಲೆ ಹೊಸ ಸಮಸ್ಯೆ. ಕಾಲು ಅಗಲಿಸಿದ ಕೂಸು ನಮ್ಮ ಹಳೇ ಬಾಗಿಲಲ್ಲಿ ಹಿಡಿಸಲಿಲ್ಲ. ಬೀರುವನ್ನು ಒಳಗೆ ತರುವಾಗ ಮಾಡಿದ ಹಾಗೆ ಓರೆ ಮಾಡಿ, ಮೊದಲು ಒಂದು ಕಾಲು, ಆಮೇಲೆ ತಲೆ, ಆಮೇಲೆ ಇನ್ನೊಂದು ಕಾಲು ತೂರಿಸಬೇಕಾಯಿತು. ಮಗು ಕಿರುಚಿಕೊಂಡಿತು. "ಇನ್ನು ಎಂಟು ವಾರ ಈ ಬಾಗಿಲು ದಾಟಿಸೋದೇ ಬೇಡ" ಎಂದು ನಾನು ತೀರ್ಮಾನ ಮಾಡಿದೆ.

ಒಳಕೋಣೆಯಲ್ಲಿ ಮಂಚ ಹಾಕಿದೆ. ಧೂಳು ಬರುತ್ತದೆಂದು ಕಿಟಕಿ ಮುಚ್ಚಿದೆ. ನೊಣ ಬರುತ್ತದೆಂದು ಬಾಗಿಲು ಎಳೆದುಕೊಂಡೆ. ಬ್ಯಾರನ್ ಹೊಗೆ ತಾಗೀತೆಂದು ಬಾಗಿಲ ಸಂದಿಗೆ ಹಳೇ ಸೀರೆ ತುರುಕಿದೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಮೈ ಹುಣ್ಣಾಗುತ್ತದೆ ಎಂದು ನರ್ಸಮ್ಮ ಹೇಳಿದ್ದರು. ಅದಕ್ಕೆ ಮೊಬೈಲಿನಲ್ಲಿ ಅಲಾರಂ ಇಟ್ಟೆ. ಅದರ ಟೀಂವ್ ಟೀಂವ್ ಕೇಳಿದರೆ ಇವತ್ತಿಗೂ ನಮ್ಮ ಮನೆಯ ನಾಯಿ ಎದ್ದು ಹೊಲದ ಕಡೆ ಹೋಗುತ್ತದೆ.

ಆ ಕೋಣೆಯಲ್ಲಿ ಹನ್ನೆರಡು ದಿನ ಮಗು ಮತ್ತು ನಾನು. ಹೊರಗೆ ಸೊಪ್ಪು ಕಟ್ಟುವ ಹೆಂಗಸರ ಮಾತು, ನಗು, ಟ್ರ್ಯಾಕ್ಟರ್ ಬಂದು ಹೋಗುವ ಸದ್ದು, ಅವ್ವ ಸೌದೆ ದೂಡುವ ಸದ್ದು. ಒಳಗೆ ನಾವಿಬ್ಬರು ಮತ್ತು ಸೂರಿನಲ್ಲಿದ್ದ ಒಂದು ಗಾಜಿನ ಹೆಂಚು. ಅದರಿಂದ ಇಳಿಯುವ ಬಿಸಿಲಿನ ತುಂಡು ಬೆಳಿಗ್ಗೆ ಗೋಡೆಯ ಮೇಲಿದ್ದು, ಆಮೇಲೆ ಮಗುವಿನ ಸಿಮೆಂಟು ಕಾಲಿನ ಮೇಲೆ ಹತ್ತಿ, ಮಧ್ಯಾಹ್ನಕ್ಕೆ ಎದೆಗೆ ಬಂದು, ಆಮೇಲೆ ನೆಲಕ್ಕಿಳಿದು ಕರಗುತ್ತಿತ್ತು. ಸಿಂಚನ ಅದಕ್ಕೆ 'ಬಿಸ್ಲುಮರಿ' ಎಂದು ಹೆಸರಿಟ್ಟಳು. ಮೋಡ ಕವಿದ ದಿನ, "ಅಪ್ಪಾ, ಬಿಸ್ಲುಮರಿ ಯಾಕ್ ಬಂದಿಲ್ಲ?" ಎಂದು ದಿನವಿಡೀ ಕೇಳುವಳು. ಅದಾದರೂ ಬಂದು ಹೋಗುತ್ತಿತ್ತು. ನಾವು ಎಲ್ಲಿಗೂ ಹೋಗುವಂತಿರಲಿಲ್ಲ. ಸಿಮೆಂಟು ಅವಳ ಮೈಗೆ ಹಾಕಿದ್ದರೂ ಅಲ್ಲಾಡಲಾಗದೆ ಕೂತವನು ನಾನು. ಕೆಮ್ಮಿದರೆ ಮೂಳೆ ಜಾರೀತೇ, ಅತ್ತರೆ ಜಾರೀತೇ, ನಕ್ಕರೆ? ಅವಳನ್ನು ನಗಿಸುವುದಕ್ಕೂ ಹೆದರಿಕೆ. ಅವಳ ನಡಿಗೆಗೆ ನಕ್ಕು ಒಮ್ಮೆ ಅನುಭವಿಸಿದ್ದೆನಲ್ಲ.

"ಅಪ್ಪಾ, ಬಾಗ್ಲು ತೆಗಿ."

"ತೆಗೀಬಾರ್ದು ಕಂದ. ಧೂಳು."

"ಅಪ್ಪಾ, ಕೆರೀತದೆ."

"ಎಲ್ಲಿ?"

"ಒಳ್ಗೆ."

ಅದಕ್ಕೆ ಮದ್ದಿರಲಿಲ್ಲ. ಪಟ್ಟಿಯೊಳಗೆ ಕಡ್ಡಿ ತೂರಿಸಿ ಕೆರೆಯಬೇಡಿ, ಗಾಯವಾದರೆ ಕಷ್ಟ ಎಂದಿದ್ದರು. ಅವಳು ಪಟ್ಟಿಯ ಮೇಲೆ ಉಗುರಿನಿಂದ ಕೆರೆಯುವಳು, ಟರ್ ಟರ್ ಎಂದು. ಸಿಮೆಂಟಿನ ಪುಡಿ ಉದುರುತ್ತಿತ್ತು, ತುರಿಕೆ ಅಲ್ಲೇ ಇರುತ್ತಿತ್ತು.

ಹದಿಮೂರನೆಯ ದಿನ ಅಕ್ಕ ಬಾಗಿಲು ದೂಡಿಕೊಂಡು ಒಳಗೆ ಬಂದಳು. ಸಂದಿಗೆ ತುರುಕಿದ್ದ ಸೀರೆ ಕಾಲಿಗೆ ತೊಡರಿತು. ಅದನ್ನು ಎತ್ತಿ ಹಿಡಿದು, "ಏನ್ಲಾ ಇದು, ಮೊಗೀನ ಬ್ಯಾರನ್ಗ್ ಏರ್ಸಿದ್ದೀಯಾ?" ಅಂದಳು.

"ಇನ್ಫೆಕ್ಷನ್ ಆಗುತ್ತೆ ಅಕ್ಕ."

"ನಿಂಗಾಗದೆ. ಮೊಕ ನೋಡ್ಕ ಕನ್ನಡೀಲಿ, ನರ ಒಣಗ್ದಂಗಿದ್ದೀಯ. ಸುಧಾ, ಬಾ ಇಲ್ಲಿ, ಆ ಕಡೆ ಇಡ್ಕ."

ಇಬ್ಬರೂ ಸೇರಿ ಮಗುವನ್ನು ಓರೆ ಮಾಡಿ ಬಾಗಿಲು ದಾಟಿಸಿಬಿಟ್ಟರು. ಈ ಸಲ ಅದು ಕಿರುಚಲಿಲ್ಲ. ಪಡಸಾಲೆಯ ಕಂಬದ ಪಕ್ಕ ಮಂಚ ಬಂತು. ಅಲ್ಲಿಂದ ಅಂಗಳ ಕಾಣುತ್ತದೆ, ಅಂಗಳದಾಚೆ ಬ್ಯಾರನ್ ಬಾಗಿಲು ಕಾಣುತ್ತದೆ, ಈಚೆ ಚಪ್ಪರದಡಿ ಸೊಪ್ಪು ಕಟ್ಟುವವರು ಕಾಣುತ್ತಾರೆ. ಮಗು ಮೊದಲು ಕಣ್ಣು ಕಿರಿದು ಮಾಡಿ ಬೆಳಕನ್ನು ನೋಡಿತು. ಆಮೇಲೆ, "ಓ! ಬಿಸ್ಲುಮರಿ ಅಮ್ಮ!" ಅಂತು. ಅಂಗಳದ ತುಂಬ ಬಿಸಿಲು ಬಿದ್ದಿತ್ತು.

ನಮ್ಮಲ್ಲಿ ಸೊಪ್ಪಿನ ಕೆಲಸ ಮುಯ್ಯಾಳಿನ ಮೇಲೆ ನಡೆಯುತ್ತದೆ. ಇವತ್ತು ನಿಮ್ಮನೆಯವರು ನಮ್ಮನೆಗೆ, ನಾಳೆ ನಮ್ಮವರು ನಿಮ್ಮನೆಗೆ. ಆ ವರ್ಷ ನಮ್ಮಿಂದ ಯಾರೂ ಯಾರ ಮನೆಗೂ ಹೋಗುವಂತಿರಲಿಲ್ಲ. ಆದರೂ ಹೆಂಗಸರು ಬರುತ್ತಲೇ ಇದ್ದರು. ಅವ್ವ ಸಂಕೋಚಪಟ್ಟು, "ಮುಂದಿನ್ ವರ್ಸ ಎರ್ಡರಷ್ಟು ಬತ್ತೀವಿ ಕಣ್ರವ್ವ" ಅಂದಾಗ ಅವರಲ್ಲೊಬ್ಬಳು ಮಂಚದ ಕಡೆ ಕೈ ತೋರಿಸಿ, "ನೀವ್ ಯಾರ್ ಬೇಕು? ಈ ಮೇಸ್ತ್ರಮ್ಮ ತಾನಾಗ್ ನಡ್ಕ ಬಂದು ನಮ್ಗೆ ಕಡ್ಡಿ ಎತ್ಕೊಡ್ಲಿ, ಅಲ್ಲಿಗ್ ಮುಯ್ಯಿ ತೀರ್ತು" ಅಂದಳು. ಕಟ್ಟುವವರಿಗೆ ಖಾಲಿ ಕಡ್ಡಿ ಎತ್ತಿಕೊಡುವುದು ನಮ್ಮೂರ ಮಕ್ಕಳ ಮೊದಲ ಕೆಲಸ. ಸಿಂಚನ ಅದನ್ನು ಮನಸ್ಸಿಗೆ ತೆಗೆದುಕೊಂಡುಬಿಟ್ಟಳು. ಅವತ್ತಿನಿಂದ ಮಲಗಿದಲ್ಲಿಂದಲೇ ದರ್ಬಾರು: "ಏಯ್, ಮಾತಾಡ್ಬೇಡಿ! ಕಟ್ಟಿ! ನಾನ್ ಬತ್ತೀನಿ ಕಡ್ಡಿ ಕೊಡಕ್ಕೆ, ತಡೀರಿ!"

ತುರಿಕೆಗೆ ಮದ್ದು ಕಂಡುಹಿಡಿದವಳು ಅವ್ವ. ಒಲೆಬಾಯಿಂದ ಎದ್ದು ಬಂದವಳೇ ಊದುಗೊಳವೆಯನ್ನು ಪಟ್ಟಿಯ ಅಂಚಿಗಿಟ್ಟು ಉಫ್ ಎಂದು ಊದಿದಳು. ಮಗುವಿನ ಕಣ್ಣು ಅಗಲವಾಯಿತು. ಗಾಳಿ ಹೊಟ್ಟೆಯ ಮೇಲಿಂದ ತೊಡೆಗಿಳಿದಿರಬೇಕು. ಕಿಲಕಿಲ ನಕ್ಕಿತು. ಆಪರೇಷನ್ ಆದ ಮೇಲಿನ ಮೊದಲ ನಗು.

"ಅವ್ವ, ಬೂದಿ ಹೋಗುತ್ತೆ ಒಳಗೆ!" ಎಂದು ನಾನು ಎದ್ದು ನಿಂತೆ.

"ಓಗು, ಹೊಸ್ದ್ ತಕಬಾ."

ಹುಣಸೂರಿಗೆ ಹೋಗಿ ಹೊಸ ಊದುಗೊಳವೆ ತಂದು, ಬಿಸಿನೀರಿನಲ್ಲಿ ತೊಳೆದು, ಒಣಗಿಸಿ ಕೊಟ್ಟೆ. ಆಮೇಲೆ ಸರದಿ ಮೇಲೆ ಊದಿದೆವು. ಸೊಪ್ಪು ಕಟ್ಟಲು ಬಂದ ಹೆಂಗಸರೂ ಕೈ ತೊಳೆದುಕೊಂಡು ಬಂದು ಒಮ್ಮೊಮ್ಮೆ ಊದಿ ಹೋಗುವರು. ನನ್ನ ಮಗಳಷ್ಟು ಜನರ ಉಸಿರು ಕುಡಿದ ಕೂಸು ನಮ್ಮ ಹೋಬಳಿಯಲ್ಲಿ ಇನ್ನೊಂದಿರಲಾರದು.

ಎಂಟು ವಾರ ಕಳೆಯಿತು. ಮೈಸೂರಿನಲ್ಲಿ ಗರಗಸದ ಮಿಷನ್ ಗರ್ ಎಂದಾಗ ಮಗುವಿಗಿಂತ ಜೋರಾಗಿ ಕೂಗಿದ್ದು ಯಾರು ಎಂಬುದನ್ನು ಸುಧಾ ಇವತ್ತಿಗೂ ನೆಂಟರ ಮುಂದೆ ಹೇಳುತ್ತಾಳೆ. ಪಟ್ಟಿ ಎರಡು ಹೋಳಾಗಿ ಬಿಚ್ಚಿಕೊಂಡಿತು. ಒಳಗಿನ ಕಾಲು ನುಗ್ಗೆಕಾಯಿಯಷ್ಟೇ ಇತ್ತು, ಚರ್ಮ ಹೊಟ್ಟು ಹೊಟ್ಟಾಗಿ ಏಳುತ್ತಿತ್ತು. ಎತ್ತಿಕೊಂಡೆ. ತುಂಬಿದೆ ಎಂದುಕೊಂಡು ಖಾಲಿ ಬಿಂದಿಗೆ ಎತ್ತಿದ ಹಾಗೆ ಕೈ ಸರ್ರನೆ ಮೇಲೆ ಹೋಯಿತು. ಎಂಟು ವಾರ ನಾನು ಹೊತ್ತದ್ದು ಹೆಚ್ಚಾಗಿ ಸಿಮೆಂಟನ್ನೇ.

ಹೊಸ ಫಿಲ್ಮಿನಲ್ಲಿ ಮೂಳೆ ಬಟ್ಟಲಿನಲ್ಲಿ ಚೆನ್ನಾಗಿ ಕೂತಿತ್ತು. ಡಾಕ್ಟರು ಹೇಳಿದರು: "ಇನ್ನು ಅವಳದೇ ಕೆಲಸ. ನಿಲ್ಲು ಅಂತ ಬಲವಂತ ಮಾಡಬೇಡಿ. ನಿಲ್ಲೋಕೆ ಹೋದರೆ ತಡೀಬೇಡಿ. ತಾನಾಗೇ ಬರಲಿ."

ನನ್ನ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. ಬಲವಂತ ಮಾಡಬೇಡಿ. ಮನೆಗೆ ಬಂದು ಮಂಚದ ನಾಲ್ಕೂ ಕಡೆ ಹಲಗೆ ಹೊಡೆದೆ. ಹಲಗೆಗೆ ದಿಂಬು ಕಟ್ಟಿದೆ. ಅವಳು ತೆವಳಿ ಅಂಚು ಹಿಡಿದರೆ ಬೆರಳು ಬಿಡಿಸಿ ಮತ್ತೆ ನಡುವಿಗೆ ಎಳೆದು ಕೂರಿಸುತ್ತಿದ್ದೆ. ಬಿದ್ದರೆ? ಕೂತಿರುವ ಮೂಳೆ ಎದ್ದುಬಿಟ್ಟರೆ? ಮತ್ತೆ ಅದೇ ವಾಸನೆ, ಅದೇ ಕಡ್ಡಿ. ಆಸ್ಪತ್ರೆಯವರು ಬಿಚ್ಚಿದ ಪಟ್ಟಿಯನ್ನು ನಾನು ಮರದಲ್ಲಿ ಕಟ್ಟಿದೆ. ಒಂದು ವಾರ, ಎರಡು ವಾರ. ಬರಬರುತ್ತಾ ಅವಳು ಅಂಚು ಹಿಡಿಯುವುದನ್ನೇ ಬಿಟ್ಟಳು. ಮೇಸ್ತ್ರಮ್ಮನ ದರ್ಬಾರೂ ನಿಂತಿತು. ಮಂಚದ ನಡುವೆ ಸುಮ್ಮನೆ ಕೂತು ಹಲಗೆಯ ಸಂದಿಯಿಂದ ಅಂಗಳ ನೋಡುವಳು.

ಮೂರನೆಯ ವಾರ ತೋರಿಸಲು ಹೋದಾಗ ಡಾಕ್ಟರು ಕಾಲು ಒತ್ತಿ ನೋಡಿ ಹುಬ್ಬು ಗಂಟಿಕ್ಕಿದರು. "ಇನ್ನೂ ನಿಲ್ತಿಲ್ವಾ? ಇಷ್ಟೊತ್ತಿಗೆ ಹಿಡ್ಕೊಂಡು ನಿಲ್ಲಬೇಕಿತ್ತಲ್ಲ. ಮೂಳೆ ಸರಿ ಇದೆ. ಮಾಂಸ ಸೋತರೆ, ಕೀಲು ಬಿಗಿದರೆ ಮಾತ್ರ ಕಷ್ಟ. ದೀಪಾವಳಿ ಕಳೆದು ಬನ್ನಿ, ನೋಡೋಣ." ಆ 'ನೋಡೋಣ'ವನ್ನು ಹೊತ್ತುಕೊಂಡು ಬಂದೆ. ಬಂದು ಇನ್ನೊಂದು ದಿಂಬು ಕಟ್ಟಿದೆ.

ಅವತ್ತು ಮಧ್ಯಾಹ್ನ ಅವ್ವ ಬೆಂದು ಮುಗಿದ ಬ್ಯಾರನ್ನಿನ ಬಾಗಿಲು ತೆಗೆದು, ಅದಕ್ಕೆ ಕಲ್ಲು ಒರಗಿಸಿ ನನ್ನನ್ನು ಕರೆದಳು. ಒಳಗೆ ಬಂಗಾರದ ಬಣ್ಣದ ಎಲೆ ಸಾಲು ಸಾಲಾಗಿ ಇಳಿಬಿದ್ದಿತ್ತು. ಜೇನು ಮತ್ತು ಹುಲ್ಲು ಸೇರಿದಂಥ ಘಮ.

"ಮುಟ್ಟು," ಅಂದಳು.

ಮುಟ್ಟಿದೆ. ಎಲೆ ಹಪ್ಪಳದಂತೆ ಪುಡಿಯಾಯಿತು.

"ಈಗ್ಲೇ ಇಳಿಸ್ತೀಯಾ?"

"ಇಲ್ಲ. ಗಾಳಿಗೆ ಬಿಡಬೇಕು. ತಂಡಿ ಕುಡಿದು ಮೆತ್ತಗಾಗಬೇಕು."

"ಬಾಗ್ಲು ಮುಚ್ಚೇ ಇಟ್ರೆ?"

"ಮುಟ್ಟಿದಾಗೆಲ್ಲ ಪುಡಿ."

"ಗೊತ್ತಲ್ಲ ಮತ್ತೆ," ಎಂದು ಪಡಸಾಲೆಯ ಹಲಗೆಗಳ ಕಡೆ ನೋಡಿದಳು.

"ಸೊಪ್ಪಿಗೆ ಮೂಳೆ ಇರಲ್ಲ ಅವ್ವ."

"ನರ ಅದೆ ಕಣ್ಲಾ," ಅಂದು ಅವ್ವ ಸೌದೆ ಎತ್ತಲು ಹೋದಳು.

ಆ ಮಾತು ನನ್ನನ್ನು ಬದಲಿಸಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಬದಲಿಸಲಿಲ್ಲ. ನಾನು ಹೋಗಿ ಹಲಗೆಯ ಮೊಳೆ ಗಟ್ಟಿಯಾಗಿದೆಯೇ ಎಂದು ಮತ್ತೊಮ್ಮೆ ಅಲ್ಲಾಡಿಸಿ ನೋಡಿದೆ. ಹೊಲಕ್ಕೆ ಹೋಗುವಾಗ, ಡೈರಿಗೆ ಹಾಲು ಹಾಕಲು ಹೋಗುವಾಗ, "ಮಂಚದಿಂದ ಇಳಿಸಬೇಡಿ" ಎಂದು ಹೇಳಿ ಹೋಗುತ್ತಿದ್ದೆ. "ಇಲ್ಲ ಬುಡಪ್ಪ" ಎಂದು ಅಕ್ಕ, "ಇಲ್ಲಾರೀ" ಎಂದು ಸುಧಾ ಒಂದೇ ಉಸಿರಿಗೆ ಹೇಳುತ್ತಿದ್ದರು. ಅಷ್ಟು ಬೇಗ ಒಪ್ಪಿಕೊಳ್ಳುವ ಹೆಂಗಸರಲ್ಲ ಅವರು, ಅನುಮಾನ ಬರಬೇಕಿತ್ತು. ಗೂಟ ಅಲ್ಲಾಡಿಸುವವನಿಗೆ ಅದು ಹೊಳೆಯಲೇ ಇಲ್ಲ.

ಕೊನೆಯ ಬ್ಯಾರನ್ ತುಂಬುವ ದಿನ ಬಂತು. ತುದಿ ಎಲೆ, ದಪ್ಪ, ಭಾರ. ತುಂಬುವಾಗ ಒಬ್ಬರು ಸೂರಿನಡಿಯ ಮೇಲಿನ ಸಾಲಿಗೆ ಹತ್ತಿ, ಎರಡು ಅಡ್ಡಗಳುಗಳ ಮೇಲೆ ಒಂದೊಂದು ಕಾಲಿಟ್ಟು ನಿಲ್ಲಬೇಕು. ನಡುವಿನ ಸಾಲಿನಲ್ಲಿ ಇನ್ನೊಬ್ಬ. ಕೆಳಗಿನವರು ಎಲೆ ಕಟ್ಟಿದ ಕಡ್ಡಿಯನ್ನು ಅವನಿಗೆ, ಅವನು ಮೇಲಿನವನಿಗೆ. ಮೇಲೆ ಹತ್ತುವುದು ಪ್ರತಿ ಸಲ ಪಕ್ಕದ ಮನೆಯ ಚಿಕ್ಕಣ್ಣ. ಅವತ್ತು ಅವನು ಮಂಡಿ ಹಿಡಿದು ಕೂತ. "ಉಳುಕದೆ ಅಣ್ಣ. ಮ್ಯಾಲಕ್ ನೀನ್ ಅತ್ತು, ನಡೂಕ್ ನಾನ್ ನಿಂತ್ಕತೀನಿ."

ಹತ್ತಿದೆ. ತಗಡಿನ ಸೂರು ತಲೆಗೆ ತಾಗುತ್ತಿತ್ತು. ಕಾಲು ಅಗಲಿಸಿ ಎರಡು ಗಳುವಿನ ಮೇಲೆ ನಿಂತೆ. ಎರಡು ಸಾಲು ತುಂಬುವಷ್ಟರಲ್ಲಿ ಬೆವರು ಕಣ್ಣಿಗಿಳಿಯಿತು. ಕೆಳಗೆ, ಬಾವಿಯ ತಳದಲ್ಲಿ ಕಾಣುವ ನೀರಿನಂತೆ, ಬಾಗಿಲಿನ ಬೆಳಕು. ಅದರಾಚೆ ಅಂಗಳ. ಕಾಲು ಕೂಡಿಸುವ ಹಾಗಿಲ್ಲ, ಕೂರುವ ಹಾಗಿಲ್ಲ. ಎಂಟು ವಾರ ನನ್ನ ಮಗಳು ಇದ್ದದ್ದು ಹೀಗೆಯೇ ಅಲ್ಲವೇ ಎಂದು ಆಗ ಮೊದಲ ಸಲ ನನ್ನ ಮೈಗೆ ತಿಳಿಯಿತು. ತಲೆಗೆ ಮೊದಲೇ ಗೊತ್ತಿತ್ತು.

ಆಗ ಬಾಗಿಲಿನ ಬೆಳಕಿನಲ್ಲಿ ಅವಳು ಕಂಡಳು.

ಪಡಸಾಲೆಯ ಕಂಬ ಹಿಡಿದು ಸಿಂಚನ ನಿಂತಿದ್ದಳು. ಇನ್ನೊಂದು ಕೈಯಲ್ಲಿ ಖಾಲಿ ಕಡ್ಡಿ.

"ಏಯ್! ಹಲಗೆ ಯಾರು ತೆಗೆದದ್ದು? ಕೂತ್ಕೋ! ಸಿಂಚು, ಕೂತ್ಕೋ!"

ಅವಳು ಕಂಬ ಬಿಟ್ಟಳು.

"ಅಕ್ಕಾ! ಹಿಡ್ಕೋ ಅವಳನ್ನ!"

ಅಕ್ಕ ಬಾಗಿಲ ಹತ್ತಿರವೇ ನಿಂತಿದ್ದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು. ಸುಧಾ ಸೆರಗಿನ ತುದಿ ಕಚ್ಚಿ ನಿಂತಿದ್ದಳು. ನಾನು ಇಳಿಯಲು ಕಾಲು ತೆಗೆದೆ. ಕೆಳಗಿನಿಂದ ಚಿಕ್ಕಣ್ಣ ಎಲೆಯ ಕಡ್ಡಿಯನ್ನು ನನ್ನ ಎದೆಗೇ ಒತ್ತಿದ. "ಇದ್ನ್ ಇಡ್ಕಳಣ್ಣ ಮೊದ್ಲು. ಬುಟ್ರೆ ನನ್ ತಲೆಮ್ಯಾಲ್ ಬೀಳ್ತದೆ." ಹಿಡಿದುಕೊಂಡೆ. ಅವನ ಮಂಡಿಗೆ ಏನೂ ಆಗಿರಲಿಲ್ಲ ಎಂಬುದು ಆಗ ಗೊತ್ತಾಯಿತು.

ಅವಳು ನಡೆದಳು. ಒಂದು. ಎರಡು. ಮೂರು. ಎಡಗಾಲು ಇನ್ನೂ ಸ್ವಲ್ಪ ಆಚೆಗೆ ಚಾಚಿಕೊಳ್ಳುತ್ತಿತ್ತು. ನಡು ಅಂಗಳದಲ್ಲಿ ಧೊಪ್ಪನೆ ಕೂತುಬಿಟ್ಟಳು. ನನ್ನ ಬಾಯಿಂದ ಏನು ಹೊರಟಿತೋ ಗೊತ್ತಿಲ್ಲ, ಚಪ್ಪರದಲ್ಲಿದ್ದ ಹೆಂಗಸರೆಲ್ಲ ತಿರುಗಿ ಬ್ಯಾರನ್ ಕಡೆ ನೋಡಿದರು. ಯಾರೂ ಎದ್ದು ಅವಳ ಹತ್ತಿರ ಹೋಗಲಿಲ್ಲ. ಕಟ್ಟುತ್ತಿದ್ದ ಕೈಗಳೆಲ್ಲ ನಿಂತಿದ್ದವು. ಒಲೆಬಾಯಿಂದ ಅವ್ವನ ದನಿ ಬಂತು: "ಕಡ್ಡಿ ಊರ್ಕಳವ್ವ. ದಿನಾ ಊರ್ಕತೀಯಲ್ಲ, ಅಂಗೇಯ."

ದಿನಾ.

ಸಿಂಚನ ಕಡ್ಡಿ ಊರಿ ಎದ್ದಳು. ಅಂಡಿನ ಮಣ್ಣು ಕೊಡವಿಕೊಂಡಳು. ಮತ್ತೆ ಹೊರಟಳು. ಬ್ಯಾರನ್ ಹೊಸ್ತಿಲಿಗೆ ಬಂದು, ಒಳಗಿನ ಕತ್ತಲಿಗೆ ತಲೆ ಎತ್ತಿ, ನಾನೆಲ್ಲಿದ್ದೇನೆಂದು ಹುಡುಕಿದಳು.

"ಅಪ್ಪಾ, ಕಡ್ಡಿ. ತಕೋ."

ಸುಧಾ ಅದನ್ನು ಇಸಿದುಕೊಂಡು ಚಿಕ್ಕಣ್ಣನಿಗೆ ಕೊಟ್ಟಳು. ಚಿಕ್ಕಣ್ಣ ನನಗೆ ಕೊಟ್ಟ. ಎಲೆಯಿಲ್ಲದ ಕಡ್ಡಿಯನ್ನು ಯಾರೂ ಬ್ಯಾರನ್ನಿಗೆ ಏರಿಸುವುದಿಲ್ಲ. ಸೂರಿನ ಪಕ್ಕದ ಕೊನೆಯ ಜಾಗದಲ್ಲಿ, ಎಲೆಯ ಕಡ್ಡಿಗಳ ಸಾಲಿನಲ್ಲೇ, ಅದನ್ನೂ ಇಟ್ಟೆ.

ಕೊನೆಯ ಕಡ್ಡಿ ಏರಿಸಿ ಮುಗಿದು ಚಿಕ್ಕಣ್ಣ ಇಳಿದು ಹೋದ. ನನಗೆ ಇಳಿಯಲಾಗಲಿಲ್ಲ. ತೊಡೆ ಎರಡೂ ಸೆಟೆದುಕೊಂಡಿದ್ದವು, ಕಣ್ಣು ಮಂಜಾಗಿ ಕೆಳಗಿನ ಗಳು ಕಾಣುತ್ತಿರಲಿಲ್ಲ. ಗಳು ತಬ್ಬಿಕೊಂಡು ನಿಂತೇ ಇದ್ದೆ. ಬಾಗಿಲಲ್ಲಿ ಒಂದೊಂದಾಗಿ ಮುಖಗಳು ಇಣುಕಿದವು. ಯಾರೋ ಏಣಿ ತರಲೇ ಎಂದು ಕೇಳಿದರು.

"ಬ್ಯಾಡ," ಅಂದಳು ಅಕ್ಕ. ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ತಲೆ ಎತ್ತಿ ಹೇಳಿದಳು: "ಲೋ ಮಾದೇಶ, ಇಳಿ ಅಂತ ಯಾರೂ ಬಲ್ವಂತ ಮಾಡಾಕಿಲ್ಲ. ಇಳಿಯಾಕ್ ಓದ್ರೆ ತಡಿಯಾಕೂ ಇಲ್ಲ. ನೀನಾಗೇ ಬಾ."

ಹೆಂಗಸರು ನಕ್ಕರು. ಯಾಕೆಂದು ತಿಳಿಯದೆ ಸಿಂಚನಳೂ ನಕ್ಕಳು.

ಗಳುವಿನಿಂದ ಒಂದು ಕಾಲು ತೆಗೆದು, ಕೆಳಗಿನದನ್ನು ಬೆರಳಲ್ಲಿ ತಡಕಿದೆ. ಸಿಕ್ಕಿತು.